ಜೊತೆಯವರ ಹೇಳಿಕೆ

ಏರು ಶುರುವಾಗಿ ಇನ್ನೂ ಮುಕ್ಕಾಲು ಗಂಟೆಯಾಗಿರಲಿಲ್ಲ, ನಾದಿನಿ ಐದನೆಯ ಸಲ ನಿಂತಳು. ನಿಲ್ಲುವುದಕ್ಕೆ ಪ್ರತಿ ಸಲವೂ ಆಕೆಯ ಬಳಿ ಒಂದು ಕಾರಣವಿರುತ್ತಿತ್ತು. ಮೊದಲ ಸಲ ಬೂಟಿನ ದಾರ, ಆಮೇಲೆ ನಕ್ಷೆ, ಆಮೇಲೆ ಯಾವುದೋ ಹಕ್ಕಿ, ನಾಲ್ಕನೆಯ ಸಲ ಮತ್ತೆ ಅದೇ ಬೂಟಿನ ಅದೇ ದಾರ. ಈ ಸಲ ಕಾರಣ ಹುಡುಕುವಷ್ಟು ಉಸಿರು ಉಳಿದಿರಲಿಲ್ಲವೆಂದು ತೋರುತ್ತದೆ. ಊರುಗೋಲುಗಳೆರಡನ್ನೂ ಕಲ್ಲುಗಳ ನಡುವೆ ಊರಿ ತಲೆ ಬಗ್ಗಿಸಿ ಸುಮ್ಮನೆ ನಿಂತಳು. ಹತ್ತು ಹೆಜ್ಜೆ ಕೆಳಗೆ, ಹಿಂದೆ ಬರುತ್ತಿದ್ದ ಅವಳೂ ನಿಂತು, ನಾದಿನಿಯ ಬೆನ್ನಿನ ಚೀಲ ಏರಿ ಇಳಿಯುವುದನ್ನು ನೋಡಿದಳು. ಚೀಲ ನೀಲಿ ಬಣ್ಣದ್ದು. ಅದು ಏರಿಳಿಯುವ ಲೆಕ್ಕ ಕೈಗಡಿಯಾರದ ಒಂದು ನಿಮಿಷಕ್ಕೆ ಮೂವತ್ತೆಂಟಾಗುತ್ತಿತ್ತು. ಎಣಿಸಬಾರದೆಂದು ಎಷ್ಟೇ ಅಂದುಕೊಂಡರೂ ಕಣ್ಣು ತಾನಾಗಿ ಎಣಿಸುತ್ತಿತ್ತು. ಕ್ಲಿನಿಕ್ಕಿನ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತವಳ ಕಣ್ಣು.

"ಏನು ನೋಡ್ತಿದ್ದೀಯ?" ತಿರುಗದೆಯೇ ನಾದಿನಿ ಕೇಳಿದಳು.

"ಏನಿಲ್ಲ ಅಕ್ಕ."

"ಏನಿಲ್ಲ ಅಂದ್ರೆ ಹಾದಿ ನೋಡು. ನನ್ನ ಬೆನ್ನ ಮೇಲೆ ಏನೂ ಬರೆದಿಲ್ಲ."

ತೀರಿಕೊಂಡ ಗಂಡನ ಅಕ್ಕ. ಶಾಲೆಯಲ್ಲಿ ಪಿ.ಟಿ. ಟೀಚರು. ಇಪ್ಪತ್ತೊಂದು ವರ್ಷದಲ್ಲಿ ಕಾಯಿಲೆಯ ರಜೆ ಅಂತ ಒಂದು ದಿನವೂ ಹಾಕಿದವಳಲ್ಲ, ಹಾಗೆಂದು ಎಲ್ಲರಿಗೂ ಹೇಳುತ್ತಿದ್ದಳು, ಅದು ನಿಜವೂ ಆಗಿತ್ತು. ಹನ್ನೊಂದು ದಿನದ ಈ ಬೆಟ್ಟದ ಹಾದಿಯನ್ನು ಅಕ್ಕ ತಮ್ಮ ಇಬ್ಬರೂ ಕೂಡಿ ನಡೆಯಬೇಕೆಂದು ಎರಡು ವರ್ಷ ತಯಾರಿ ಮಾಡಿದ್ದರು. ತಮ್ಮ ಹೋಗಿಬಿಟ್ಟ. ಇಲ್ಲಿ ಒಬ್ಬೊಬ್ಬರನ್ನೇ ಬಿಡುವುದಿಲ್ಲ, ಜೋಡಿ ಬೇಕು. ಹಾಗಾಗಿ ಅವಳು. "ಅವಳ ಜೊತೆ ನೀನು ಹೋಗು, ಮನೆಯಲ್ಲಿ ಕೂತು ಏನು ಮಾಡ್ತೀಯ," ಎಂದಿದ್ದರು ಅತ್ತೆ, ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಕೇಳುವ ಧಾಟಿಯಲ್ಲಿ. ಅವಳು ಹೂಂ ಎಂದಳು. ಈ ಹತ್ತು ತಿಂಗಳಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನುವುದು ಸಲೀಸಾಗಿತ್ತು.

ಇಂದು ಆರನೆಯ ದಿನ. ಸಂಜೆ ನಾಲ್ಕರೊಳಗೆ ನೆತ್ತಿಯ ಕೆಳಗಿನ ತಂಗುಮನೆ ಸೇರಬೇಕು, ನಾಳೆ ಬೆಳಿಗ್ಗೆ ನೆತ್ತಿ ದಾಟಬೇಕು. ದಾಟಿದ ಮೇಲೆ ನಾಲ್ಕು ದಿನ ರಸ್ತೆಯಿಲ್ಲ, ಫೋನಿಲ್ಲ. ಬಿದ್ದವರನ್ನು ಹೊತ್ತು ತರಲು ಎರಡು ಹಗಲು ಬೇಕು. ಅದಕ್ಕೇ ಆ ತಂಗುಮನೆಯವನು ದಾಟುವವರ ಆರೋಗ್ಯವನ್ನು ಹಿಂದಿನ ಸಂಜೆ ವಿಚಾರಿಸುತ್ತಾನೆ. ಅವರನ್ನಲ್ಲ, ಅವರ ಜೊತೆಯವರನ್ನು. ಆರು ದಿನ ನಡೆದು ಬಂದವನು ಉಳುಕಿದ ಕಾಲನ್ನೂ ಗಟ್ಟಿಯಾಗಿದೆ ಎನ್ನುತ್ತಾನೆ ಎಂಬುದು ಈ ಹಾದಿಯವರ ಅನುಭವ. ಕೈಗೆ ಕೊಟ್ಟ ಕಾಗದದಲ್ಲಿ ಅದನ್ನು ಏಳನೆಯ ನಿಯಮವಾಗಿ ಅಚ್ಚು ಹಾಕಿದ್ದರು: ಪ್ರತಿಯೊಬ್ಬರ ಕುರಿತು ಜೊತೆಯವರ ಹೇಳಿಕೆಯೇ ಅಂತಿಮ. ಒಬ್ಬರಿಗೆ ಬೇಡವೆಂದರೆ ಇಬ್ಬರೂ ಹಿಂದಿರುಗಿ ಕೆಳಗಿಳಿಯಬೇಕು. ಅವಳು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಳು. ನೆನ್ನೆ ಮಧ್ಯಾಹ್ನ ನಾದಿನಿ ಮೊದಲ ಸಲ ಚೀಲದ ಎದೆಪಟ್ಟಿ ಸಡಿಲ ಮಾಡಿಕೊಂಡಾಗಿನಿಂದ ಅದು ಜೇಬಿನಲ್ಲಿರುವುದು ಗೊತ್ತಾಗುತ್ತಿತ್ತು.

ಹಾದಿ ಒಣ ಹಳ್ಳದ ಪಕ್ಕಕ್ಕೇ ಏರುತ್ತಿತ್ತು. ಕಲ್ಲುಗಳು ಕಾಲಿಟ್ಟ ಕೂಡಲೇ ಉರುಳುತ್ತಿದ್ದವು. ನಾದಿನಿಯ ಕಾಲಡಿಯಿಂದ ಬಿಟ್ಟುಕೊಂಡ ಕಲ್ಲು ಅವಳ ಮೊಣಗಂಟಿಗೆ ಬಡಿಯುತ್ತಿತ್ತು. ಮೊಣಕಾಲೆತ್ತರದ ಪೊದೆಗಳ ಮುಳ್ಳು ಪ್ಯಾಂಟನ್ನು ಹಿಡಿದೆಳೆಯುತ್ತಿತ್ತು. ಗಾಳಿ ಒಂದೇ ಕಡೆಯಿಂದ, ಒಂದೇ ಸಮನೆ, ಎಡಗಿವಿಯೊಳಗೇ ಬೀಸುತ್ತಿತ್ತು. ಈ ಬೆಟ್ಟದಲ್ಲಿ ಏನು ಚೆಂದವಿದೆಯೆಂದು ಗಂಡ ಗೋಡೆಗೆ ಅದರ ಚಿತ್ರ ಅಂಟಿಸಿಕೊಂಡಿದ್ದನೋ. ಅವನು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ನೋಡು, ಆರು ಗ್ರಾಂ ಉಳೀತು, ಎಂದಿದ್ದ. ಅವಳು ನಕ್ಕಿದ್ದಳು. ಆರು ಗ್ರಾಂ ಉಳಿಸುವವನು ಅಷ್ಟು ದಿನ ಮನೆಯಲ್ಲಿರುವುದಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಹನ್ನೊಂದು ದಿನ ಮಂಚದ ಮೇಲೆ ಅಡ್ಡಡ್ಡ ಮಲಗಬಹುದು, ರಾತ್ರಿಯ ಊಟಕ್ಕೆ ಬರೀ ಬ್ರೆಡ್ಡು ತಿನ್ನಬಹುದು, ಯಾರ ಜೊತೆಯೂ ಮಾತಾಡಬೇಕಿಲ್ಲ. ಈಗ ಮಂಚದಲ್ಲಿ ಹೇಗೆ ಬೇಕಾದರೂ ಮಲಗಬಹುದು. ಅವಳು ಗೋಡೆಯ ಕಡೆಯ ಅಂಚಿನಲ್ಲೇ ಮಲಗುತ್ತಾಳೆ.

"ಬೆಲ್ಟ್ ಬಿಗಿ ಮಾಡ್ಕೋ. ಚೀಲ ತೂಗಾಡ್ತಿದೆ."

"ಇದೇ ಕೊನೆ ತೂತು ಅಕ್ಕ."

"ಅವನ ಸೊಂಟಕ್ಕೆ ಸರಿ ಇತ್ತು," ನಾದಿನಿ ಅಂದಳು, ತೂತು ಸಾಲದಿರುವುದೂ ಇವಳದೇ ತಪ್ಪು ಎಂಬಂತೆ.

ಹನ್ನೆರಡರ ಹೊತ್ತಿಗೆ ದೊಡ್ಡ ಬಂಡೆಯ ನೆರಳಿನಲ್ಲಿ ಕೂತು ಬ್ರೆಡ್ಡು ತಿಂದರು. ನಾದಿನಿ ಎರಡು ತುಂಡು ಮುರಿದು, ಒಂದನ್ನು ತಿಂದಂತೆ ಮಾಡಿ ಪೊಟ್ಟಣದಲ್ಲೇ ಬಿಟ್ಟಳು. ಮೇಲಿನಿಂದ ಗಂಡ ಹೆಂಡತಿ ಇಬ್ಬರು ಇಳಿದು ಬರುತ್ತಿದ್ದರು. ಇಬ್ಬರಿಗೂ ಐವತ್ತು ದಾಟಿತ್ತು. ಗಂಡ ಮುಂದೆ, ಮುಖ ಗಂಟು ಹಾಕಿಕೊಂಡು. ಹೆಂಡತಿ ಹಿಂದೆ, ನಗುವನ್ನು ಬಾಯಲ್ಲೇ ಒತ್ತಿಟ್ಟುಕೊಂಡು.

"ದಾಟಿ ಬಂದ್ರಾ?" ನಾದಿನಿ ಕೇಳಿದಳು.

"ಎಲ್ಲಿ ದಾಟೋದು," ಗಂಡ ಕೋಲನ್ನು ನೆಲಕ್ಕೆ ಕುಟ್ಟಿದ. "ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ. ಆ ಮನುಷ್ಯ ಒಂದು ಮಾತು ಕೇಳಿದ್ದಕ್ಕೆ ನನ್ನನ್ನ ಮಾರಿಬಿಟ್ಲು."

"ಕಕ್ಕಸಿಗೆ ಹೋಗುವಾಗ ಗೋಡೆ ಹಿಡ್ಕೊಂಡು ಹೋಗ್ತಿದ್ರಿ. ಅದನ್ನ ಹೇಳಿದೆ ಅಷ್ಟೆ."

"ಗೋಡೆ ಇರೋದು ಹಿಡ್ಕೊಳ್ಳೋಕೇ."

"ನೆತ್ತಿ ಮೇಲೆ ಗೋಡೆ ಕಟ್ಟಿಸ್ತೀರಾ ಮತ್ತೆ?" ಹೆಂಡತಿ ಈಗ ನಕ್ಕೇಬಿಟ್ಟಳು. ಆಮೇಲೆ ಇವರಿಬ್ಬರನ್ನೂ ನೋಡಿ, "ತಾಯಿ ಮಗಳಾ?" ಎಂದಳು.

ನಾದಿನಿಗೆ ನಲವತ್ತೈದು. ಆಕೆ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದಳು, ಬಿಗಿಯಾದ ಮೇಲೂ ತಿರುಗಿಸಿದಳು. "ಅಲ್ಲ. ಇವಳು ನನ್ನ ತಮ್ಮನ ಹೆಂಡತಿ."

"ತಮ್ಮ ಬರಲಿಲ್ವಾ?"

"ಬರೋಕಾಗಲಿಲ್ಲ," ಎಂದಳು ನಾದಿನಿ.

ಅವರು ಇಳಿದು ಹೋದರು. ಇಬ್ಬರ ಜಗಳ ಬಹಳ ಹೊತ್ತು ಕೆಳಗಿನ ತಿರುವುಗಳಿಂದ ಕೇಳಿಸುತ್ತಿತ್ತು, ಗಂಡ ಏನೋ ಅನ್ನುವುದು, ಹೆಂಡತಿ ಅದಕ್ಕೆ ನಗುವುದು. ಆ ನಗುವಿಗೆ ಅವಳಿಗೆ ಹೊಟ್ಟೆ ಉರಿಯಿತು. ಮಾರಿಬಿಟ್ಟಳಂತೆ. ಇಪ್ಪತ್ತಾರು ವರ್ಷಕ್ಕೂ ಮಾರುವಂಥ ಗಂಡ ಉಳಿದಿದ್ದಾನಲ್ಲ.

"ಕೇಳಿಸ್ತಾ?" ನಾದಿನಿ ಅಂದಳು.

"ಕೇಳಿಸ್ತು."

"ಸಂಜೆ ನಿನ್ನನ್ನ ಕೇಳಿದಾಗ ಏನಂತೀಯ?"

"ಏನನ್ನಬೇಕು?"

"ಇರೋದನ್ನ. ಏನೂ ಇಲ್ಲ ಅಂತ." ನಾದಿನಿ ಎದ್ದಳು, ಚೀಲಕ್ಕೆ ತೋಳು ತೂರಿಸಿದಳು, ಒಂದು ತೋಳು ತೂರಿಸಿ ಸ್ವಲ್ಪ ಹೊತ್ತು ಹಾಗೇ ನಿಂತು ಇನ್ನೊಂದನ್ನು ತೂರಿಸಿದಳು. "ನಾನು ಇದನ್ನ ದಾಟಬೇಕು. ಅವನಿಗೆ ಮಾತು ಕೊಟ್ಟಿದ್ದೀನಿ. ನಿನಗೆ ಇದೆಲ್ಲ ತಿಳಿಯೋಲ್ಲ ಬಿಡು. ಅವನು ಹೋದ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ ನೀನು. ಬಂದವರಿಗೆಲ್ಲ ಕುರ್ಚಿ ಹಾಕ್ತಾ ನಿಂತಿದ್ದೆ."

ಹೌದು, ಕುರ್ಚಿ ಹಾಕಿದ್ದಳು. ಕೆಳಗಿನ ಮನೆಯಿಂದ ಆರು, ಎದುರು ಮನೆಯಿಂದ ನಾಲ್ಕು. ಒಂದರ ಕಾಲು ಕುಂಟುತ್ತಿತ್ತು, ಅದಕ್ಕೆ ರಟ್ಟು ಮಡಿಸಿ ಇಟ್ಟಿದ್ದಳು. ಕ್ಲಿನಿಕ್ಕಿನಲ್ಲೂ ಅವಳಿಗೆ ಅದೇ ಹೆಸರು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವಳು. ಮಧ್ಯಾಹ್ನ ಎರಡಕ್ಕೆ ಡಾಕ್ಟರು ಡಬ್ಬಿ ಬಿಚ್ಚಿ ಎಡಗೈಯಲ್ಲಿ ತಿನ್ನುತ್ತ ಬಲಗೈಯಲ್ಲಿ ಸಹಿ ಹಾಕುತ್ತಿದ್ದರು. ರಜೆಯ ಚೀಟಿಗಳು, ವಿಮೆಯ ಕಾಗದಗಳು, ಶಾಲೆಗೆ ಸೇರುವ ಮಕ್ಕಳವು. ಸಹಿ ಬೀಳಬೇಕಾದಲ್ಲೆಲ್ಲ ಅವಳು ಹಳದಿ ಚೀಟಿ ಅಂಟಿಸಿಟ್ಟಿರುತ್ತಿದ್ದಳು. ಡಾಕ್ಟರು ಹಳದಿಯನ್ನಷ್ಟೇ ನೋಡುತ್ತಿದ್ದರು. "ಇಸಿಜಿ, ಅದು ಇದು ಅಂದ್ರೆ ಅರ್ಧ ದಿನ ಹಾಳು," ಎಂದಿದ್ದ ಗಂಡ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ, "ಹೇಗೂ ನಿನ್ನ ಕೈಯಲ್ಲೇ ಇದೆಯಲ್ಲ." ಈ ಹಾದಿಗೆ ಬೇಕಿದ್ದ ಅವನ ಆರೋಗ್ಯ ಪತ್ರ ಕಟ್ಟಿನಲ್ಲಿ ಏಳನೆಯದಾಗಿತ್ತು. ಆರನೆಯದಕ್ಕೂ ಎಂಟನೆಯದಕ್ಕೂ ಎಷ್ಟು ಹೊತ್ತು ಹಿಡಿಯಿತೋ ಏಳನೆಯದಕ್ಕೂ ಅಷ್ಟೇ. ಮನೆಗೆ ತಂದು ಕೊಟ್ಟಾಗ ಅವನು ಅವಳ ಹಣೆಗೆ ಮುತ್ತು ಕೊಟ್ಟ. ಹತ್ತೊಂಬತ್ತು ದಿನಕ್ಕೆ, ಚೀಲದ ತುಂಬ ನೀರಿನ ಬಾಟಲಿ ಹೊತ್ತು ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮಾಡುತ್ತ, ಮೂರನೆಯ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಬಿದ್ದ. ಧಡ್ ಎಂದದ್ದು ಒಳಗೆ ಅವಳಿಗೂ ಕೇಳಿಸಿತ್ತು. ಯಾರೋ ಕಪಾಟು ಇಳಿಸುತ್ತಿದ್ದಾರೆ ಎಂದುಕೊಂಡು ನಲ್ಲಿ ತಿರುಗಿಸಿ ಪಾತ್ರೆ ತೊಳೆದಳು. ಈ ಹಾದಿಗೆ ಬರುವ ಮುಂಚೆ ಮಾತ್ರ ತನ್ನ ಪತ್ರಕ್ಕೆ ಎಲ್ಲ ಪರೀಕ್ಷೆಯನ್ನೂ ಮಾಡಿಸಿಕೊಂಡಳು, ಓಡುವ ಯಂತ್ರದ ಮೇಲೂ ಹತ್ತಿದಳು. ಕುದುರೆ ಹೃದಯ ಕಣ್ರೀ ನಿಮ್ಮದು, ಎಂದಿದ್ದ ಯಂತ್ರದವನು. ನಾದಿನಿಯ ಪತ್ರಕ್ಕೆ ಶಾಲೆಯ ಡಾಕ್ಟರ ಸಹಿಯಿತ್ತು. ಅದು ಹೇಗೆ ಬಂತೆಂದು ಅವಳು ಕೇಳಿರಲಿಲ್ಲ.

ಎರಡೂವರೆಗೆ ಹಾದಿ ನೆಟ್ಟಗೆ ನಿಂತಿತು. ಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು, ಒಂದೊಂದೂ ಮೊಣಕಾಲಿಗೆ ಬರುವಷ್ಟು. ನಾದಿನಿ ಎಂಟು ಹತ್ತುವುದು, ನಿಲ್ಲುವುದು. ಆರು ಹತ್ತುವುದು, ನಿಲ್ಲುವುದು. ಈಗ ಹಕ್ಕಿಯೂ ಇರಲಿಲ್ಲ ದಾರವೂ ಇರಲಿಲ್ಲ. ಒಂದು ತಿರುವಿನಲ್ಲಿ ಆಕೆ ಬಂಡೆಗೆ ಒರಗಿ ಕೆಳದವಡೆಯನ್ನು ಬೆರಳುಗಳಲ್ಲಿ ತಿಕ್ಕಿಕೊಳ್ಳತೊಡಗಿದಳು, ಕಿವಿಯ ಕೆಳಗಿನಿಂದ ಗದ್ದದವರೆಗೆ, ಮತ್ತೆ ಗದ್ದದಿಂದ ಮೇಲಕ್ಕೆ. ಅವನೂ ಹೀಗೇ ತಿಕ್ಕಿಕೊಳ್ಳುತ್ತಿದ್ದ, ಕೊನೆಯ ತಿಂಗಳಲ್ಲಿ, ಟಿವಿ ನೋಡುತ್ತ. ಹಲ್ಲಿನವರನ್ನು ನೋಡು ಎಂದಿದ್ದಳು. ಹಲ್ಲಿನವರ ನಂಬರು ಕೂಡ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

"ಅಕ್ಕ, ದವಡೆ ನೋವಾ?"

"ಚಳಿಗಾಳಿಗೆ."

"ಎಡಗೈ?"

"ನೋಡು," ನಾದಿನಿ ತಿರುಗಿದಳು. ತುಟಿಗಳು ಬೂದಿ ಬಣ್ಣಕ್ಕೆ ಬಂದಿದ್ದವು, ಧ್ವನಿ ಮಾತ್ರ ಮೈದಾನದ ಆ ತುದಿಗೂ ಮುಟ್ಟುವಂಥ ಧ್ವನಿಯೇ. "ನೀನು ಕೌಂಟರಿನಲ್ಲಿ ಟೋಕನ್ ಕೊಡೋಳು. ಡಾಕ್ಟರಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು. ಇಳಿದುಹೋದ್ರೆ ಸಾಕಾಗಿದೆ ನಿನಗೆ, ಅದಕ್ಕೆ ನನ್ನ ಮೈಯಲ್ಲಿ ರೋಗ ಹುಡುಕ್ತಿದ್ದೀಯ."

ಅದೂ ನಿಜವೇ ಇರಬಹುದು ಎಂದು ಹತ್ತುತ್ತ ಅವಳಿಗೆ ಅನ್ನಿಸಿತು. ಇಳಿದುಹೋಗುವ ಆಸೆ ಮೊದಲ ದಿನದಿಂದಲೂ ಇತ್ತು. ಇನ್ನೊಂದು ಆಸೆಯೂ ಇತ್ತು, ಅದು ಇಂದು ಬೆಳಿಗ್ಗೆಯಷ್ಟೇ ತಲೆ ಎತ್ತಿದ್ದು: ಏನೂ ಇಲ್ಲ ಎಂದುಬಿಡುವುದು. ಕೇಳಿದ್ದಕ್ಕೆ ಆಕೆಯೇ ಹೇಳಿಕೊಟ್ಟ ಮಾತನ್ನು ಒಪ್ಪಿಸಿಬಿಡುವುದು. ಆಮೇಲೆ ನೆತ್ತಿಯ ಆಚೆ ಏನಾದರೂ ಆಗಲಿ, ಯಾರೂ ತನ್ನನ್ನು ಬೆರಳು ಮಾಡಿ ತೋರಿಸುವಂತಿಲ್ಲ. ಕುರ್ಚಿಯ ಮಾತಾಡುವವರು ಒಬ್ಬರು ಕಡಿಮೆಯಾಗುತ್ತಾರೆ. ಈ ಯೋಚನೆ ಎಷ್ಟು ಸರಾಗವಾಗಿ ಬಂತೆಂದರೆ ಅವಳು ಮೆಟ್ಟಿಲ ಮೇಲೆ ನಿಂತು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಅದನ್ನು ಅಂದರೇನೋ ಎಂಬಂತೆ. ಹಿಂದೆ ಬರೀ ಬಿಸಿಲಿತ್ತು. ಬೇಡ ಎಂದರೆ, ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಹೇಗೆ ಗೊತ್ತು ಎಂದು ಹೇಳಹೊರಟರೆ ಗಂಡನ ದವಡೆಗೆ ಬರಬೇಕು, ದವಡೆಯಿಂದ ಕಟ್ಟಿನ ಏಳನೆಯ ಕಾಗದಕ್ಕೆ.

ಮೂರೂ ಐವತ್ತಕ್ಕೆ ತಂಗುಮನೆ ಸೇರಿದರು. ಕಲ್ಲಿನ ಗೋಡೆಯ ಒಂದೇ ಕೋಣೆ, ತಗಡಿನ ಮಾಡು, ಗೋಡೆಯುದ್ದಕ್ಕೂ ಹಲಗೆಯ ಮಂಚಗಳು. ಒದ್ದೆ ಕಾಲುಚೀಲದ ವಾಸನೆ. ಅಲ್ಲಿಯವನು ಅರವತ್ತರ ಗಿಡ್ಡ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ. ಇಬ್ಬರಿಗೂ ಬಿಸಿನೀರು ಕೊಟ್ಟು, ರಿಜಿಸ್ಟರು ತೆಗೆದು, ಮೊದಲು ನಾದಿನಿಯನ್ನು ಕೇಳಿದ.

"ಇವರು ಹೇಗಿದ್ದಾರೆ?"

"ಕಲ್ಲಿದ್ದ ಹಾಗಿದ್ದಾಳೆ," ನಾದಿನಿ ಅಂದಳು. "ಏನೂ ಆಗೋಲ್ಲ ಇವಳಿಗೆ."

ಅವನು ಬರೆದುಕೊಂಡ. ಆಮೇಲೆ ಅವಳನ್ನು ಹೊರಗೆ, ನೀರಿನ ತೊಟ್ಟಿಯ ಬಳಿ ಕರೆದ. ಬಾಗಿಲು ತೆರೆದೇ ಇತ್ತು. ಒಳಗೆ ನಾದಿನಿ ಬೂಟು ಬಿಚ್ಚಲು ಬಗ್ಗಿದವಳು ಬಿಚ್ಚದೆ ಹಾಗೇ ಕೂತಿದ್ದಳು.

"ಇನ್ನು ಅವರದು ನೀವು ಹೇಳಿ ತಾಯಿ."

ಅವಳು ಬಾಯಿ ತೆರೆದಳು. ಏನೂ ಇಲ್ಲ ಎಂಬ ಎರಡು ಮಾತು ನಾಲಿಗೆಯ ಮೇಲೇ ಇತ್ತು, ಉಗುಳಿದರೆ ಆಗುತ್ತಿತ್ತು. "ತುಂಬ ನಿಲ್ತಿದ್ರು," ಎಂದಳು.

"ಏರಿನಲ್ಲಿ ಯಾರು ನಿಲ್ಲೋಲ್ಲ? ನಾನೂ ನಿಲ್ತೀನಿ." ಅವನ ಪೆನ್ನು ಕಾಗದದ ಮೇಲಿತ್ತು. "ಹಾಗಾದ್ರೆ ಸರಿ ಇದ್ದಾರೆ ಅಂತ ಬರೀಲಾ?"

"ಬರೀಬೇಡಿ. ಅವರ ಹೃದಯದಲ್ಲಿ ತೊಂದರೆ ಇದೆ."

"ಯಾರು ಹೇಳಿದ್ದು? ಆರೋಗ್ಯ ಪತ್ರ ಇದೆಯಲ್ಲ, ಸಹಿ ಇದೆ."

"ಸಹಿ ಇರುತ್ತೆ," ಎಂದಳು ಅವಳು. ಧ್ವನಿ ಬೇರೆ ಯಾರದೋ ಎಂಬಂತೆ, ಕೌಂಟರಿನಾಚೆ ಸರದಿಯಲ್ಲಿ ನಿಂತವರ ಹೆಸರು ಕೂಗುವ ಧ್ವನಿಯಂತೆ, ಸಾಫಾಗಿ ಹೊರಟಿತು. "ಇವರ ತಮ್ಮನದಕ್ಕೂ ಸಹಿ ಇತ್ತು. ನನ್ನ ಗಂಡನದಕ್ಕೆ. ಅವರಿಗೂ ಹೀಗೇ ಉಸಿರು, ಹೀಗೇ ದವಡೆ ನೋವು. ಪರೀಕ್ಷೆ ಮಾಡಿಸಿರಲಿಲ್ಲ. ಕಟ್ಟಿನ ನಡುವೆ ಸೇರಿಸಿ ನಾನೇ ಸಹಿ ಹಾಕಿಸಿದೆ. ಹತ್ತೊಂಬತ್ತು ದಿನಕ್ಕೆ ಹೋದ್ರು."

ಅವನು ಕನ್ನಡಕ ತೆಗೆದು, ದಾರವನ್ನು ಸರಿಮಾಡಿಕೊಂಡು, ಮತ್ತೆ ಹಾಕಿಕೊಂಡ. ರಿಜಿಸ್ಟರಿನಲ್ಲಿ ಅಡ್ಡ ಗೆರೆಯೊಂದನ್ನು ಎಳೆದ. ಒಳಗಿನಿಂದ ನಾದಿನಿ ಎದ್ದು ಬಂದಳು. ಹೊಡೆಯುತ್ತಾಳೆಂದು ಅವಳು ನಿಂತೇ ಇದ್ದಳು. ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. ನಾದಿನಿ ಇಬ್ಬರ ನಡುವೆ ಹಾದು, ತೊಟ್ಟಿಯನ್ನು ಬಳಸಿ, ನೆತ್ತಿಯ ಕಡೆಗೆ ಏರುವ ಹಾದಿ ಹಿಡಿದಳು. ಚೀಲವಿಲ್ಲ, ಕೋಲಿಲ್ಲ, ಬೂಟಿನ ದಾರಗಳು ಬಿಚ್ಚಿ ನೆಲಕ್ಕೆ ಬಡಿಯುತ್ತಿದ್ದವು.

"ಅಮ್ಮಾ, ಹಾಗೆ ಹೋಗಬಾರದು," ತಂಗುಮನೆಯವನು ಕೂಗಿದ. ಆಮೇಲೆ ಇವಳ ಕಡೆ ತಿರುಗಿ, "ಹೋಗಿ ಕರ್ಕೊಂಡು ಬನ್ನಿ. ನನ್ನ ಮಾತು ಕೇಳೋರಲ್ಲ ಅವರು."

ಮೂವತ್ತು ಮಾರು ಮೇಲೆ ಹಾದಿ ಕಿರಿದಾಗುವಲ್ಲಿ ನಾದಿನಿ ನಿಂತಿದ್ದಳು. ಒಂದು ಕೈ ಬಂಡೆಯ ಮೇಲೆ, ಇನ್ನೊಂದು ದವಡೆಯಲ್ಲಿ. ಬಲಕ್ಕೆ ಇಳಿಜಾರು, ಸಡಿಲ ಕಲ್ಲು, ತುದಿ ಕಾಣದಷ್ಟು ಕೆಳಗಿನವರೆಗೆ. ಅವಳು ಎರಡು ಮಾರು ಕೆಳಗೆ ನಿಂತಳು. ಕ್ಷಮಿಸಿ ಅನ್ನಬೇಕೆಂದು ದಾರಿಯಲ್ಲಿ ಅಂದುಕೊಂಡು ಬಂದಿದ್ದಳು.

"ನನಗೆ ಫೋನ್ ಮಾಡಿದ್ದ," ನಾದಿನಿ ಅಂದಳು. ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಹೋಗೋ ಎರಡು ದಿನ ಮುಂಚೆ. ಅಕ್ಕ, ಮೂರನೇ ಮಹಡಿಗೆ ಎದೆ ಹಿಡ್ಕೊಳ್ಳುತ್ತೆ ಅಂದ. ಅವಳಿಗೆ ಹೇಳಬೇಡ, ಕ್ಲಿನಿಕ್ಕಿಗೆ ಎಳ್ಕೊಂಡು ಹೋಗ್ತಾಳೆ ಅಂದ."

ಗಾಳಿಗೆ ತಗಡಿನ ಮಾಡು ಕೆಳಗೆ ಬಡಿದುಕೊಳ್ಳುತ್ತಿತ್ತು.

"ನೀವೇನಂದ್ರಿ?"

"ಮೈ ಇನ್ನೂ ಪಳಗಿಲ್ಲ ಅಂದೆ. ಇನ್ನೆರಡು ಬಾಟಲಿ ಸೇರಿಸ್ಕೊಂಡು ಹತ್ತು ಅಂದೆ. ನನ್ನ ಶಾಲೆ ಹುಡುಗಿಯರಿಗೆ ಹೇಳೋ ಹಾಗೇ ಹೇಳಿದೆ."

ಎಳ್ಕೊಂಡು ಹೋಗ್ತಾಳೆ. ಅವನು ಹಾಗೆ ನಂಬಿದ್ದ. ಹತ್ತು ತಿಂಗಳಿಂದ ಹೆಪ್ಪುಗಟ್ಟಿದ್ದೇನೋ ಅವಳ ಎದೆಯೊಳಗೆ ಕದಲಿತು, ಅಳು ಬಂತೆಂದುಕೊಂಡಳು, ಬಂದದ್ದು ಸಿಟ್ಟು. ಕಿವಿ ಬೆಚ್ಚಗಾಯಿತು, ಬೆರಳ ತುದಿಗಳು ಬೆಚ್ಚಗಾದವು. ಎರಡು ದಿನ. ಎರಡು ದಿನವೆಂದರೆ ಎರಡು ಬೆಳಗು, ಎರಡು ಸಲ ಕ್ಲಿನಿಕ್ಕಿನ ಬಾಗಿಲು ತೆರೆದದ್ದು, ಇಸಿಜಿಯ ಹಾಸಿಗೆ ಗೋಡೆಯಾಚೆ ಖಾಲಿ ಬಿದ್ದಿದ್ದದ್ದು. ಕುರ್ಚಿ ಹಾಕಿದವಳೆಂದು ಹತ್ತು ತಿಂಗಳು ಎತ್ತಿ ಆಡಿದಳಲ್ಲ ಈಕೆ. ಆರು ದಿನದಿಂದ ತನ್ನನ್ನು ಹಿಂದೆ ನಡೆಸಿಕೊಂಡು ಬಂದಳಲ್ಲ.

"ಕಾಲು ಬರ್ತಿಲ್ಲ," ನಾದಿನಿ ಅಂದಳು. ಇಳಿಜಾರನ್ನು ನೋಡದೆ, ಬಂಡೆಯನ್ನೇ ನೋಡುತ್ತ, "ಕೈ ಕೊಡು."

ಅವಳು ಕೊಡಲಿಲ್ಲ. ನಿಂತಳು. ತನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಇದೇ ಮೊದಲ ಸಲ ಯಾರಿಗೂ ಹೂಂ ಎನ್ನದೆ ನಿಂತಳು. ನಾದಿನಿ ಇನ್ನೊಂದು ಸಲ ಕೇಳಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವಳು ಎರಡು ಹೆಜ್ಜೆ ಮೇಲೇರಿ ಮಣಿಕಟ್ಟನ್ನು ಹಿಡಿದಳು, ಮೃದುವಾಗಿ ಅಲ್ಲ, ಉಗುರು ಇಳಿಯುವಂತೆ ಹಿಡಿದಳು.

"ನೋಯ್ತಿದೆ," ಎಂದಳು ನಾದಿನಿ.

"ಗೊತ್ತು. ಎಡಗಾಲು ಮೊದಲು ಇಡಿ," ಎಂದಳು ಅವಳು, ಹಿಡಿತ ಸಡಿಲಿಸದೆ.